ಉಳಿದ ಆಯುಷ್ಯ ನಿಮಗಿರಲಿ

ಮಸೀದಿಯ ಗೇಟಿನವರೆಗೆ ಬಂದ ನಬೀಹ್ ಮತ್ತೆ ಹಿಂದಕ್ಕೆ ತಿರುಗಿದ. ಗೆಳೆಯ ಎಸ್ಸಾಮನ ತಂದೆ ತೀರಿಕೊಂಡಿದ್ದರು. ರಾತ್ರಿಯ ಇಶಾ ನಮಾಜು ಮುಗಿದಿತ್ತು. ಸಂತಾಪ ಹೇಳಲು ಬಂದವರು ಅದಕ್ಕೆಂದೇ ಗೊತ್ತುಮಾಡಿದ ಹಾಲ್‌ಗೆ ಹೋಗಿ ಕೈ ಕುಲುಕಿ ಕೂರುತ್ತಿದ್ದರು. ರಸ್ತೆಯಂಚಿನಲ್ಲಿ ಕಾರು ನಿಲ್ಲಿಸಿಕೊಂಡಿದ್ದ ಅಕ್ಕ ಸುಹೇರ್ ಕಿಟಕಿ ಇಳಿಸಿದಳು.

"ಆಗೋಲ್ಲ ಅಂದ್ರೆ ಬಿಡೋ. ಫೋನ್ ಮಾಡಿ ಹೇಳಿದ್ರಾಯ್ತು."

"ಅವನ ಮದುವೆಗೂ ಫೋನೇ ಮಾಡಿದ್ದು. ಮಗು ಹುಟ್ಟಿದಾಗ್ಲೂ ಫೋನೇ. ಬೆಳಗ್ಗೆ ಏನಂದ ಗೊತ್ತಾ? ಇವತ್ತೂ ಬರ್ಲಿಲ್ಲ ಅಂದ್ರೆ ಇನ್ಮೇಲೆ ಫೋನೂ ಮಾಡ್ಬೇಡ ಅಂದ. ಹೋಗ್ತೀನಿ ಅಕ್ಕಾ. ಸತ್ರೂ ಪರವಾಗಿಲ್ಲ."

"ಸಾಯ್ಬೇಡ ಪುಣ್ಯಾತ್ಮ, ಅದಕ್ಕೆ ಬೇರೆ ಹಾಲ್ ಬುಕ್ ಮಾಡ್ಬೇಕಾಗತ್ತೆ."

ಕೈರೋದ ಚಳಿಗಾಲ ಪೂರ್ತಿ ಹಾಸಿಗೆ ಬಿಟ್ಟೇಳದ ಮನುಷ್ಯ ನಬೀಹ್. ಡಾಕ್ಟರು ಅದನ್ನು ಖಿನ್ನತೆ ಎಂದಿದ್ದರು, ಚಿಕ್ಕಪ್ಪಂದಿರು ಸೋಮಾರಿತನ ಎಂದಿದ್ದರು. ನಾಲ್ಕು ಜನರ ನಡುವೆ ನಿಂತರೆ ಸಾಕು, ಅವನ ಬಾಯಿ ಒಣಗುತ್ತಿತ್ತು, ಅಂಗೈ ಬೆವರುತ್ತಿತ್ತು, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನಿಸುತ್ತಿತ್ತು. ದಾರಿಯುದ್ದಕ್ಕೂ ಒಂದೇ ವಾಕ್ಯವನ್ನು ಗಿಣಿಪಾಠ ಮಾಡಿಕೊಂಡು ಬಂದಿದ್ದ: 'ಉಳಿದ ಆಯುಷ್ಯ ನಿಮಗಿರಲಿ.' ಸತ್ತವರ ಕಡೆಯವರಿಗೆ ಇಷ್ಟು ಹೇಳಿದರೆ ಸಾಕು, ಇದಕ್ಕಿಂತ ಹೆಚ್ಚು ಯಾರೂ ಬಯಸುವುದಿಲ್ಲ. ಅದೊಂದು ಪುಣ್ಯ.

ಒಳಗೆ ಅಕ್ಕಪಕ್ಕದಲ್ಲಿ ಎರಡು ಸಭಾಂಗಣಗಳಿದ್ದವು. ಎಸ್ಸಾಮನದು ಯಾವುದು ಎಂದು ಅಲ್ಲೇ ನಿಂತಿದ್ದ ಕಾವಲುಗಾರನನ್ನು ಕೇಳಬಹುದಿತ್ತು. ಕೇಳಲು ಬರುವುದಾಗಿದ್ದರೆ ಇಷ್ಟೆಲ್ಲ ಪಾಡು ಯಾಕಿತ್ತು! ತಲೆ ತಗ್ಗಿಸಿಕೊಂಡು, ಗದ್ದಲ ಕಡಿಮೆ ಇದ್ದ ಬಾಗಿಲು ಹಿಡಿದು ನುಗ್ಗಿದ. ಮೊದಲು ಸಿಕ್ಕ ಕೈ ಹಿಡಿದು "ಉಳಿದ ಆಯುಷ್ಯ ನಿಮಗಿರಲಿ" ಎಂದ. ಅಬ್ಬಾ, ಹೇಳಿಯೇಬಿಟ್ಟೆ! ಎದೆ ಹಗುರಾಯಿತು. ಬಂಧುಗಳ ಸಾಲಿನ ಎರಡನೆಯ ಕೈಗಾಗಿ ಕೈ ಚಾಚಿದ. ಎರಡನೆಯ ಕೈ ಇರಲಿಲ್ಲ.

ತಲೆ ಎತ್ತಿದರೆ ಗುರುತಿಲ್ಲದ ಮುಖ. ಐವತ್ತು ದಾಟಿದ ಒಬ್ಬ ಮನುಷ್ಯ, ಒಂಟಿಯಾಗಿ ನಿಂತಿದ್ದ. ಅವನ ಹಿಂದೆ ಸಾಲು ಸಾಲು ಖಾಲಿ ಕುರ್ಚಿಗಳು. ತಟ್ಟೆ ತುಂಬ ಸಾವಿನ ಮನೆಯ ಸಕ್ಕರೆಯಿಲ್ಲದ ಕಾಫಿಯ ಕಪ್ಪುಗಳನ್ನು ಹಿಡಿದ ಆಳು ಗೋಡೆಗೊರಗಿ ಆಕಳಿಸುತ್ತಿದ್ದ. ಕುರಾನ್ ಓದುತ್ತಿದ್ದ ಶೇಖ್ ಒಬ್ಬರದೇ ದನಿ.

"ನಮ್ಮಪ್ಪನ್ನ ಬಲ್ಲಿರಾ?" ಆ ಮನುಷ್ಯ ಹಿಡಿದ ಕೈ ಬಿಡಲಿಲ್ಲ. "ಅವರ ಜೊತೆಯವ್ರೆಲ್ಲ ಮೊದ್ಲೇ ಹೋಗ್ಬಿಟ್ರು. ನಂಗೆ ಅಣ್ಣ ತಮ್ಮ ಅಂತ ಯಾರೂ ಇಲ್ಲ. ಒಬ್ರೂ ಬರಲ್ವೇನೋ ಅಂದ್ಕೊಂಡಿದ್ದೆ. ಕೂತ್ಕೊಳ್ಳಿ, ಕಾಫಿ ತಗೊಳ್ಳಿ."

ನಬೀಹನ ಬಳಿ ಬೇರೆ ವಾಕ್ಯ ಇರಲಿಲ್ಲ. "ಉಳಿದ ಆಯುಷ್ಯ ನಿಮಗಿರಲಿ" ಎಂದು ಮತ್ತೊಮ್ಮೆ ಹೇಳಿ ಕೂತ. ಕುರಾನ್ ಓದು ನಿಲ್ಲುವವರೆಗೆ ಏಳುವಂತಿರಲಿಲ್ಲ. ಗೋಡೆಯಾಚೆಯಿಂದ ಎಸ್ಸಾಮನ ಬಂಧುಗಳ ಗುಜುಗುಜು ಕೇಳಿಸುತ್ತಿತ್ತು. ಒಳಗಿನ ಹಳೆಯ ದನಿ ಶುರು ಮಾಡಿತು: ಕೈ ಕುಲುಕಿದ್ದಾಯ್ತಲ್ಲ, ಹಾಲ್ ತಪ್ಪಿದ್ದು ಯಾರಿಗೆ ಗೊತ್ತಾಗುತ್ತೆ, ಮನೆಗೆ ನಡಿ, ಹೊದ್ದು ಮಲಗು. ನಬೀಹ್ ಬಿಸಿ ಕಾಫಿಯನ್ನು ಒಂದೇ ಗುಟುಕಿಗೆ ಸುರಿದುಕೊಂಡ. ನಾಲಿಗೆ ಸುಟ್ಟಿತು. 'ಬಾಯ್ಮುಚ್ಚು' ಎಂದು ತನಗೇ ಹೇಳಿಕೊಂಡ. ಓದು ನಿಂತಿದ್ದೇ ಎದ್ದು ಪಕ್ಕದ ಬಾಗಿಲಿಗೆ ಹೋದ.

ಅಲ್ಲಿ ಕೈಗಳಿಗೆ ಕೊನೆಯೇ ಇರಲಿಲ್ಲ. ದೊಡ್ಡಪ್ಪ, ಚಿಕ್ಕಪ್ಪ, ಭಾವ, ಭಾವನ ಅಣ್ಣ... ಅಂಗಿ ಬೆನ್ನಿಗೆ ಅಂಟಿತು. ಒಂದೊಂದೇ ಕೈ ಕುಲುಕುತ್ತ ಮುಂದೆ ಹೋದ. ಸಾಲಿನ ತುದಿಯಲ್ಲಿದ್ದ ಎಸ್ಸಾಮ್ ನಂಬಲಾಗದೆ ಒಂದು ಗಳಿಗೆ ನೋಡಿ, ಬಾಚಿ ತಬ್ಬಿಕೊಂಡ.

"ಬಂದ್ಯೇನೋ, ಕತ್ತೆ!"

"ಬಂದೆ ಕಣೋ."

ಅಲ್ಲಿಗೆ ಅವನ ಕೆಲಸ ಮುಗಿದಿತ್ತು. ಅಲ್ಲಿಯೂ ಓದು ನಿಂತಿತು, ಜನ ಎದ್ದು ಬಾಗಿಲ ಕಡೆ ಹೊರಟರು. ಇನ್ನು ಪಕ್ಕದ ಬಾಗಿಲು ದಾಟಿ ನೇರ ಮನೆಗೆ ಹೋಗುತ್ತಾರೆ. ನಬೀಹನಿಗೆ ಆ ಖಾಲಿ ಕುರ್ಚಿಗಳು ನೆನಪಾದವು. ಓಡಿಹೋಗಿ ಬಾಗಿಲಿಗೆ ಅಡ್ಡ ನಿಂತ.

"ಎಲ್ರೂ ಸ್ವಲ್ಪ..." ದನಿ ಹೊರಡಲಿಲ್ಲ. ಗಂಟಲು ಸರಿಮಾಡಿಕೊಂಡ. "ಎಲ್ರೂ ಸ್ವಲ್ಪ ನಿಲ್ಲಿ!"

ನಿಂತರು. ಈ ಸಲ ನಿಜವಾಗಿಯೂ ಎಲ್ಲರೂ ಅವನನ್ನೇ ನೋಡುತ್ತಿದ್ದರು.

"ಪಕ್ಕದ ಹಾಲ್‌ನಲ್ಲೂ ಅಪ್ಪನ್ನ ಕಳ್ಕೊಂಡೋರು ಒಬ್ರಿದ್ದಾರೆ. ಒಂದು ನರಪಿಳ್ಳೇನೂ ಬಂದಿಲ್ಲ. ಒಬ್ರೇ ನಿಂತಿದ್ದಾರೆ."

"ಸತ್ತೋರು ನಿಂಗೇನಾಗ್ಬೇಕಪ್ಪಾ?" ದಪ್ಪ ಮೀಸೆಯ ದೊಡ್ಡಪ್ಪ ಕೇಳಿದ.

"ಏನೂ ಆಗ್ಬೇಕಿಲ್ಲ. ಹೆಸರೂ ಗೊತ್ತಿಲ್ಲ. ಗೊತ್ತಾಗ್ದೆ ಅಲ್ಲಿಗೆ ಹೋಗ್ಬಿಟ್ಟಿದ್ದೆ."

ಯಾರೋ ಕಿಸಕ್ಕನೆ ನಕ್ಕರು. ನಬೀಹನ ಕಿವಿ ಕೆಂಪಾದವು. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆದರೂ ಬಾಗಿಲು ಬಿಟ್ಟು ಕದಲಲಿಲ್ಲ. ದೊಡ್ಡಪ್ಪ ನಕ್ಕವನನ್ನು ದುರುಗುಟ್ಟಿ ನೋಡಿ, ನಬೀಹನ ಹೆಗಲ ಮೇಲೆ ಕೈ ಹಾಕಿದ. "ನಡಿಯಪ್ಪ, ನೀನು ಮುಂದೆ ನಡಿ. ನಿಂಗೆ ಆಗ್ಲೇ ಅಭ್ಯಾಸ ಆಗಿದೆ."

ಆ ಒಂಟಿ ಮಗ ತನ್ನ ಬಾಗಿಲಿಂದ ಗೇಟಿನವರೆಗೆ ಬೆಳೆದ ಸಾಲನ್ನು ಬಿಟ್ಟ ಕಣ್ಣಿಂದ ನೋಡುತ್ತಿದ್ದ. ಆಕಳಿಸುತ್ತಿದ್ದ ಆಳು ಎಸ್ಸಾಮನ ಕಡೆಯವರಲ್ಲಿ ಕಾಫಿ ಕಪ್ಪುಗಳನ್ನು ಕಡ ಕೇಳಲು ಓಡಿದ. ಸಾಲಿನ ಮುಂದೆ ನಬೀಹ್ ಇದ್ದ. ಎರಡೂ ಕೈಯಿಂದ ಆ ಮಗನ ಕೈ ಹಿಡಿದುಕೊಂಡ. ಈ ಸಲ ಗಿಣಿಪಾಠ ಒಪ್ಪಿಸಲಿಲ್ಲ.

"ಆಗ್ಲೇ ಕೇಳ್ಬೇಕಿತ್ತು," ಎಂದ. "ನಿಮ್ಮ ತಂದೆಯವರ ಹೆಸರೇನು?"