ಬಾಗಿಲಲ್ಲಿ ನಿಂತ ಸೊಸೆ

"ಮಾವ, ನೀವು ಇವತ್ತು ಮನೆಗೆ ಹೋಗೋ ಹಾಗಿಲ್ಲ."

ಕೋಳಿ ಶೆಡ್ಡಿನ ಬಾಗಿಲಿಗೆ ಕೈ ಅಡ್ಡ ಇಟ್ಟು ನಿಂತವಳು ಮೇಸ್ತ್ರಿಯ ಸೊಸೆ. ಮನೆಯಲ್ಲಿ ಮಾವನ ಮುಂದೆ ತುಟಿಪಿಟಕ್ ಅನ್ನದವಳು. ಪಕ್ಕದ ಫಾರಂಗೆ ಹಕ್ಕಿಜ್ವರ ಬಂದ ಮೇಲೆ, ಒಳಗೆ ಹೋಗುವವರಿಗೆಲ್ಲ ಮಾಸ್ಕು, ಗ್ಲೌಸು, ಕನ್ನಡಕ ಹಾಕಿಸುವುದು, ಹೊರಗೆ ಬಂದವರಿಗೆ ಅದನ್ನೆಲ್ಲ ಕಳಚಿಸಿ ಸ್ನಾನಕ್ಕೆ ಕಳಿಸುವುದು ಅವಳ ಕೆಲಸ. ಆ ಕೆಲಸಕ್ಕೆ ಅವಳೇ ಸರಿ ಎಂದವನೂ ಇದೇ ಮಾವ.

ತಲೆ ನರೆಯುವವರೆಗೂ ಕೋಳಿಗಳ ನಡುವೆಯೇ ಬದುಕಿದ ಮೇಸ್ತ್ರಿಗೆ ಒಂದು ಚಾಳಿ. ಮಂಕಾದ ಕೋಳಿ ಕಂಡರೆ ಸಾಕು, ಎತ್ತಿ ಕಿವಿಗೆ ಒತ್ತಿಕೊಂಡು ಉಸಿರು ಕೇಳಬೇಕು. ಇವತ್ತೂ ಕೈ ಸುಮ್ಮನಿರಲಿಲ್ಲ. ಮಾಸ್ಕು ಗದ್ದಕ್ಕೆ ಜಾರಿಸಿ ಕೋಳಿಯನ್ನು ಕೆನ್ನೆಗೆ ಆನಿಸಿಕೊಂಡ. ಅದರ ಉಸಿರಿನ ಗೊರಗೊರ ಸದ್ದು ಕೇಳಿ ತಲೆ ಎತ್ತಿದರೆ, ಕಿಟಕಿಯಲ್ಲಿ ಸೊಸೆಯ ಮುಖ.

"ಮಾಸ್ಕು ಜಾರಿಸಿದ್ದು ಒಂದು ಗಳಿಗೆ ಅಷ್ಟೇ ಕಣಮ್ಮ," ಈಗ ಬಾಗಿಲಲ್ಲಿ ಮೇಸ್ತ್ರಿ ದನಿ ತಗ್ಗಿಸಿದ. ಹಿಂದೆ ನಿಂತ ಕೆಲಸದವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡಿದ್ದರು. "ಮನೇಲಿ ಪಾಪು ನನಗೆ ಕಾಯ್ತಿರುತ್ತೆ."

"ಅದಕ್ಕೇ ಬೇಡ ಅಂತಿರೋದು ಮಾವ. ನಿಮ್ಮನ್ನ ಕಂಡ ಕೂಡಲೇ ನನ್ನ ಮಗಳು ಕುತ್ತಿಗೆಗೆ ಜೋತು ಬೀಳ್ತಾಳೆ. ಸ್ನಾನ ಮಾಡಿ ಹಿಂದಿನ ರೂಮಿಗೆ ನಡೀರಿ. ಡಾಕ್ಟರಿಗೆ ಫೋನ್ ಮಾಡಿದೀನಿ. ಅವರು ಹೂಂ ಅನ್ನೋವರೆಗೂ ಅಲ್ಲೇ ಇರಿ."

ಅವಳ ಕಣ್ಣು ತುಂಬಿತ್ತು. ಅಡ್ಡ ಇಟ್ಟ ಕೈ ಮಾತ್ರ ಇಳಿಯಲಿಲ್ಲ.

ಮೇಸ್ತ್ರಿಗೆ ಮೈಯೆಲ್ಲ ಉರಿಯಿತು. ಅಷ್ಟು ಜನರ ಮುಂದೆ ಮಾನ ಹೋಯಿತಲ್ಲ ಎಂದು ಹಲ್ಲು ಕಚ್ಚಿಕೊಂಡೇ ಸ್ನಾನ ಮುಗಿಸಿದ. ಹಿಂದಿನ ರೂಮಿನಲ್ಲಿ ತಲೆ ಒರೆಸಿಕೊಳ್ಳುತ್ತ ಕಿಟಕಿಯಾಚೆ ನೋಡಿದರೆ, ಮುಂದಿನ ಪಾಳಿಯವರು ಶೆಡ್ಡಿಗೆ ಹೋಗುವ ಮುಂಚೆ ತಾವಾಗಿಯೇ ಮಾಸ್ಕಿನ ದಾರ ಬಿಗಿ ಮಾಡಿಕೊಳ್ಳುತ್ತಿದ್ದರು. ವಾರದಿಂದ ಮೇಸ್ತ್ರಿ ಗಂಟಲು ಹರಿದುಕೊಂಡರೂ ಆಗದಿದ್ದ ಕೆಲಸ ಅದು. ಸಿಟ್ಟು ಎಲ್ಲಿ ಹೋಯಿತೋ, ಎದೆ ಉಬ್ಬಿ ಬಂತು.

ಸಂಜೆ ಯಜಮಾನರು ಬಂದು ಕಿಟಕಿಯಿಂದ ಮಾರು ದೂರ ನಿಂತರು. "ಏನ್ ಮೇಸ್ತ್ರಿ, ಸೊಸೆ ನಿನ್ನನ್ನೇ ಹೊರಗೆ ಬಿಡಲಿಲ್ವಂತೆ?"

ಮೇಸ್ತ್ರಿ ಮಾಸ್ಕಿನೊಳಗೇ ನಕ್ಕ.

"ನನ್ನನ್ನೇ ಬಿಡಲಿಲ್ಲ ಯಜಮಾನ್ರೇ, ಇನ್ನು ಆ ಜ್ವರಾನ ಬಿಡ್ತಾಳಾ?"