ರಾಮೇಶ್ವರದ ಚಿಪ್ಪಿನಂಗಡಿ

“ಚಿಕ್ಕೀ, ನೀನಲ್ವಾ?”

ರಾಮೇಶ್ವರದ ಬಜಾರಿನಲ್ಲಿ ಕಪ್ಪೆಚಿಪ್ಪಿನ ಸರ ಪೋಣಿಸುತ್ತಿದ್ದ ಹೆಂಗಸು ಕನ್ನಡದಲ್ಲಿ ಕೇಳಿದಾಗ ಚಿಕ್ಕಮುನಿಯಮ್ಮ ಬೆಚ್ಚಿದಳು. ಹದಿಮೂರು ವರ್ಷದ ಹಿಂದೆ ಗಾರೆ ಕೆಲಸದ ತಮಿಳನೊಬ್ಬನ ಜೊತೆ ಗರುಡಾಚಾರ್‌ಪಾಳ್ಯ ಬಿಟ್ಟುಹೋಗಿದ್ದ ಅಕ್ಕ! ಅವಳು ಸತ್ತಳೆಂದು ಗಂಡಿನ ಕಡೆಯವರಿಗೆ ಸುಳ್ಳು ಹೇಳಿಯೇ ಮನೆಯವರು ಚಿಕ್ಕಮುನಿಯಮ್ಮನ ಮದುವೆ ಮಾಡಿದ್ದರು.

“ಯಾರೇ ಅದು?” ಗಂಡ ರಾಮಾಂಜಿನಪ್ಪ ಕೇಳಿದ.

“ಯಾರೋ ಏನೋ. ನಡೀರಿ.”

ಅಕ್ಕ ತಲೆ ತಗ್ಗಿಸಿ ಇನ್ನೊಂದು ಚಿಪ್ಪಿಗೆ ದಾರ ಹಾಕಲು ಹೋದಳು. ದಾರ ತೂತಿಗೆ ಹೋಗಲೇ ಇಲ್ಲ.

ಚಿಕ್ಕಮುನಿಯಮ್ಮ ನಾಲ್ಕು ಹೆಜ್ಜೆ ನಡೆದು ನಿಂತಳು. ಅಂದು ಬೆಳಿಗ್ಗೆಯಷ್ಟೇ ಅಮ್ಮನ ಅಸ್ಥಿಯನ್ನು ಸಮುದ್ರಕ್ಕೆ ಬಿಟ್ಟಿದ್ದರು. ಅಕ್ಕನಿಗೆ ಅದು ಗೊತ್ತೇ ಇಲ್ಲ. ಗಂಡ ಕರೆಯುತ್ತಿದ್ದರೂ ತಿರುಗಿ ಓಡಿ ಬಂದು ಅಕ್ಕನ ಕೈ ಹಿಡಿದುಕೊಂಡಳು.

“ಅಮ್ಮ ಹೋಗ್ಬಿಟ್ಳು ಕಣಕ್ಕಾ,” ಎಂದಳು, ಗಂಡನಿಗೂ ಕೇಳುವಷ್ಟು ಜೋರಾಗಿ.