ಒಂದೇ ಹಳದಿ ಚೀಟಿ

ಎರಡೂ ಕೈ ಮುಂದೆ ಚಾಚಿಕೊಂಡು, ಮೊಣಕಾಲು ಮಡಚದೆ ಕುಪ್ಪಳಿಸುತ್ತಾ ಹೆಣ ಮನೆಯೊಳಗೆ ಬಂದೇಬಿಟ್ಟಿತು. ಹೊರಗಿನ ಕಟ್ಟೆಯ ಮೇಲೆ ಚೀನಾ ರೇಷ್ಮೆಯ ಪೆಟ್ಟಿಗೆ ಒಡೆದಾಗ ಅದು ನೂಲಿನ ಕೆಳಗೆ ಮಲಗಿತ್ತು. ಹಣೆಗೆ ಅಂಟಿಸಿದ್ದ ಹಳದಿ ಚೀಟಿಯನ್ನು ರೇಟಿನದೆಂದು ಯಂಕಪ್ಪ ಕಿತ್ತ ಕೂಡಲೇ ಕಣ್ಣು ಬಿಟ್ಟು, ಅವನ ಭುಜ ಕಚ್ಚಿ ಹರಿದಿತ್ತು.

"ಬೈಕ್ ಒಳಗ ತರಾಕ ಹೊಸ್ತಿಲಾ ಒಡಸಿದ್ರಲ್ಲ, ಈಗ ನೋಡ್ರಿ! ಅದಿದ್ದಿದ್ರ ಎಡವಿ ಹೊರಗ ಬೀಳ್ತಿತ್ತು," ಎಂದು ಹನಮಂತವ್ವ ಗಂಡನನ್ನು ಬೈಯುತ್ತಲೇ ಮಗ್ಗದ ಹಿಂದೆ ಓಡಿದಳು.

"ಬೈಯೂದು ಆಮ್ಯಾಲ, ಮೊದ್ಲ ಅದನ್ನ ಬಡಿ!"

ಹೆಣ ಅವಳ ಕುತ್ತಿಗೆಗೆ ಹಾರಿತು. ನಡುವೆ, ನೇಯುವವರು ಕಾಲು ಇಳಿಬಿಟ್ಟು ಕೂಡುವ ಮಗ್ಗದ ಕುಣಿಯಿತ್ತು. ಅದರೊಳಗೆ ಸೊಂಟದವರೆಗೆ ಬಿದ್ದ ಹೆಣಕ್ಕೆ ಕಾಲು ಮಡಚಿ ಮೇಲೆ ಬರಲಾಗಲಿಲ್ಲ. ಹನಮಂತವ್ವ ಲಾಳಿಯ ಕಬ್ಬಿಣದ ತುದಿಯನ್ನು ಅದರ ಕಣ್ಣಿಗೆ ಚುಚ್ಚಿದಳು. ಮಗ್ಗದ ಕಟ್ಟಿಗೆಯಿಂದ ದವಡೆ ಮುರಿಯುವವರೆಗೆ ಬಡಿದಳು. ಅರ್ಧ ನೇಯ್ದ ಸೀರೆಗೆ ಕಪ್ಪು ರಕ್ತ ಸಿಡಿಯಿತು. ಆದರೂ ಅದರ ಕೈ ಅವಳ ಪಾದವನ್ನು ತಡಕಾಡುತ್ತಲೇ ಇತ್ತು.

"ಆ ಚೀಟಿ ಕೊಡ್ರಿ, ತಿರುಗಿ ಹಣಿಗೆ ಹಚ್ಚತೀನಿ. ನೀವು ಕುಂಡ್ರಿ, ರಕ್ತ ಸುರಿಯಾಕತ್ತೈತಿ."

ಯಂಕಪ್ಪ ಜೇಬಿನಿಂದ ಚೀಟಿ ತೆಗೆದುಕೊಟ್ಟು ಕೂಡಲು ಹೋದ. ಆಗಲಿಲ್ಲ. ಮತ್ತೊಮ್ಮೆ ಕೂಡಲು ನೋಡಿದ. "ಹನಮಿ, ಮೊಣಕಾಲ ಮಡಚವಲ್ವು," ಎಂದ. ಅವನ ಕೈಗಳು ತಾವಾಗಿಯೇ ಮುಂದೆ ಚಾಚಿದವು.

ಹನಮಂತವ್ವ ಕುಣಿಗೆ ಬೆನ್ನು ಮಾಡಿದಳು. ಚೀಟಿಗೆ ನೂಲಿನ ಗಂಜಿ ಬಳಿದು, ಗಂಡನ ಹಣೆಯ ವಿಭೂತಿಯನ್ನು ಸೆರಗಿನಿಂದ ಮೆಲ್ಲಗೆ ಒರೆಸಿ, ಅಲ್ಲಿ ಹಚ್ಚಿದಳು.